ದೊಡ್ಡ ಸಂಖ್ಯೆಗಳ ಭಾಜ್ಯತೆ: ಶೇಷದಿಂದ ಶುರುಮಾಡೋಣ

ಓದುಗರ ಪ್ರಶ್ನೆ, ಗಣಿತದ ಉತ್ತರ

ಭಾಜ್ಯತೆಯ ನಿಯಮಗಳನ್ನು, ಅಂದರೆ ಒಂದು ಸಂಖ್ಯೆ ಇನ್ನೊಂದರಿಂದ ಶೇಷವಿಲ್ಲದೆ ಭಾಗವಾಗುತ್ತದೆಯೇ ಎಂದು ತಿಳಿಯುವ ನಿಯಮಗಳನ್ನು ಕುರಿತು ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಕೇಳಿದ ಪ್ರಶ್ನೆಗಳು ಬೇರೆಬೇರೆಯಾಗಿದ್ದರೂ ಬಹುತೇಕ ಎಲ್ಲವುಗಳ ಬುಡದಲ್ಲಿರುವ ತೊಡಕು ಒಂದೇ ಎಂದು ಕಂಡುಬಂದದ್ದರಿಂದ, ಮೊದಲ ಪತ್ರಕ್ಕೆ ವಿಸ್ತಾರವಾಗಿ ಉತ್ತರಿಸಿ, ಉಳಿದವನ್ನು ಅದರ ಆಧಾರದ ಮೇಲೆ ಬಿಡಿಸಲು ಪ್ರಯತ್ನಿಸಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾನು ಆರನೆಯ ಮತ್ತು ಏಳನೆಯ ತರಗತಿಗಳಿಗೆ ಗಣಿತ ಹೇಳುತ್ತೇನೆ. 2ರಿಂದ 11ರವರೆಗಿನ ಭಾಜ್ಯತೆಯ ನಿಯಮಗಳನ್ನು ಮಕ್ಕಳು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೆ ಏಳೆಂಟು ಅಂಕಿಗಳ ಸಂಖ್ಯೆಯನ್ನು ಹಲಗೆಯ ಮೇಲೆ ಬರೆದ ಕೂಡಲೇ ಒಂದೋ ಉದ್ದನೆಯ ಭಾಗಾಕಾರಕ್ಕೆ ಇಳಿಯುತ್ತಾರೆ, ಇಲ್ಲವೇ 3ರ ನಿಯಮವನ್ನು 7ಕ್ಕೂ, 4ರ ನಿಯಮವನ್ನು 6ಕ್ಕೂ ಹಚ್ಚಿಬಿಡುತ್ತಾರೆ. ದೊಡ್ಡ ಸಂಖ್ಯೆಗಳಿಗೆ ಬೇರೆ ರೀತಿಯಲ್ಲಿ ಕಲಿಸಬೇಕೇ? (ಶಿಕ್ಷಕಿ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಸೇಡಂ ತಾಲ್ಲೂಕು)

ಉತ್ತರ: ಮೇಡಂ, ನಿಮ್ಮ ಮಕ್ಕಳಿಗೆ ನಿಯಮಗಳು ಬಾಯಿಗೆ ಬಂದಿವೆ, ಅವು ಎಲ್ಲಿಂದ ಹುಟ್ಟಿದವು ಎಂಬುದು ತಿಳಿದಿಲ್ಲ ಎಂದು ನಿಮ್ಮ ಪತ್ರದಿಂದ ಅರ್ಥವಾಗುತ್ತದೆ. ಒಂದಕ್ಕೆ ಅಂಕಿಗಳನ್ನು ಕೂಡಬೇಕು, ಇನ್ನೊಂದಕ್ಕೆ ಕೊನೆಯ ಎರಡು ಅಂಕಿ ನೋಡಬೇಕು, ಮತ್ತೊಂದಕ್ಕೆ ಒಂದು ಬಿಟ್ಟು ಒಂದು ಕಳೆಯಬೇಕು ಎಂದು ಹೇಳಿಕೊಟ್ಟಾಗ, ಪ್ರತಿಯೊಂದೂ ಇನ್ನೊಂದಕ್ಕೆ ಸಂಬಂಧವಿಲ್ಲದ ಆಜ್ಞೆಯಂತೆ ಮಗುವಿನ ಮನಸ್ಸಿನಲ್ಲಿ ಕೂಡುತ್ತದೆ. 7ಕ್ಕೆ ಅಂಕಿಗಳನ್ನು ಕೂಡಬಾರದು ಎನ್ನಲು ಅದರ ಬಳಿ ಕಾರಣವೇ ಇರುವುದಿಲ್ಲವಾದ್ದರಿಂದ, ನೆನಪು ಸ್ವಲ್ಪ ಜಾರಿದರೂ ನಿಯಮಗಳು ಅದಲುಬದಲಾಗುತ್ತವೆ. ಸಂಖ್ಯೆ ಚಿಕ್ಕದಾಗಿದ್ದಾಗ ಮಗ್ಗಿಯ ಬಲದಿಂದ ಈ ತಪ್ಪು ಮುಚ್ಚಿಹೋಗುತ್ತದೆ, ದೊಡ್ಡದಾದಾಗ ಹೊರಗೆ ಬರುತ್ತದೆ.

ಆದ್ದರಿಂದ ಮೊದಲು ಬದಲಾಗಬೇಕಾದದ್ದು ನಾವು ಕೇಳುವ ಪ್ರಶ್ನೆ. 'ಭಾಗವಾಗುತ್ತದೆಯೇ, ಇಲ್ಲವೇ' ಎಂದು ಕೇಳುವುದನ್ನು ಕೆಲವು ದಿನ ನಿಲ್ಲಿಸಿ, 'ಎಷ್ಟು ಉಳಿಯುತ್ತದೆ' ಎಂದು ಕೇಳಿರಿ. ಹತ್ತು ತೊಗರಿಕಾಳುಗಳನ್ನು ಮೇಜಿನ ಮೇಲಿಟ್ಟು ಒಂಬತ್ತರ ಗುಂಪು ಮಾಡಿಸಿದರೆ ಒಂದು ಕಾಳು ಉಳಿಯುತ್ತದೆ. ನೂರು ಕಾಳುಗಳಲ್ಲಿ ತೊಂಬತ್ತೊಂಬತ್ತು ಗುಂಪುಗಳಿಗೆ ಹೋಗಿ ಮತ್ತೆ ಒಂದೇ ಉಳಿಯುತ್ತದೆ. ಸಾವಿರ ಕಾಳು ಎಣಿಸುವ ಅಗತ್ಯವಿಲ್ಲ. 1000 ಎಂದರೆ 999ಕ್ಕೆ ಒಂದು ಸೇರಿದ್ದು ಎಂದು ಮಕ್ಕಳೇ ಹೇಳುತ್ತಾರೆ. ಹಾಗಾದರೆ 4572ರಲ್ಲಿ ನಾಲ್ಕು ಸಾವಿರಗಳಿಂದ ನಾಲ್ಕು, ಐದು ನೂರುಗಳಿಂದ ಐದು, ಏಳು ಹತ್ತುಗಳಿಂದ ಏಳು, ಬಿಡಿಸ್ಥಾನದ ಎರಡು, ಹೀಗೆ ಒಟ್ಟು ಹದಿನೆಂಟು ಉಳಿದು, ಅದು ಎರಡು ಒಂಬತ್ತುಗಳಾಗಿ ತೀರುತ್ತದೆ. ಅಂಕಿಗಳನ್ನು ಕೂಡುವ ನಿಯಮ ಇಲ್ಲಿ ಮಗುವಿನ ಕೈಯಿಂದಲೇ ಹುಟ್ಟಿತು. 4573 ಕೊಟ್ಟರೆ ಒಂದು ಉಳಿಯುತ್ತದೆ ಎಂದೂ ಅದು ಹೇಳಬಲ್ಲದು. ಬರಿಯ ನಿಯಮ ಕಲಿತ ಮಗು 'ಭಾಗವಾಗುವುದಿಲ್ಲ' ಎಂದು ಅಲ್ಲಿಗೇ ನಿಲ್ಲಿಸುತ್ತದೆ. ಒಂಬತ್ತರ ಗುಂಪುಗಳೆಲ್ಲ ಮೂರರ ಗುಂಪುಗಳೂ ಆಗಿರುವುದರಿಂದ 3ರ ನಿಯಮ ಬೇರೆ ಪಾಠವಾಗಿ ಬೇಕಾಗಿಲ್ಲ.

ಇದೇ ಪ್ರಶ್ನೆಯನ್ನು ಈಗ 7ಕ್ಕೆ ಕೇಳಿರಿ. ಹತ್ತರಲ್ಲಿ 3 ಉಳಿಯುತ್ತದೆ, ನೂರರಲ್ಲಿ 2, ಸಾವಿರದಲ್ಲಿ 6, ಹತ್ತು ಸಾವಿರದಲ್ಲಿ 4, ಲಕ್ಷದಲ್ಲಿ 5, ಹತ್ತು ಲಕ್ಷದಲ್ಲಿ 1, ಅಲ್ಲಿಂದ ಮುಂದೆ ಅದೇ ಸರಣಿ ಮರುಕಳಿಸುತ್ತದೆ. ಪ್ರತಿ ಸ್ಥಾನವೂ ಬೇರೆ ಬೇರೆ ಶೇಷ ಬಿಡುವಾಗ ಅಂಕಿಗಳನ್ನು ಸುಮ್ಮನೆ ಕೂಡುವುದು ಸಲ್ಲದು ಎಂದು ಮಕ್ಕಳಿಗೆ ಹೇಳಬೇಕಾಗಿಯೇ ಬರುವುದಿಲ್ಲ, ಏಕೆಂದರೆ ಅವರು ಬರೆದ ಪಟ್ಟಿಯೇ ಅದನ್ನು ತೋರಿಸುತ್ತದೆ. ನೀವು ಬರೆದ ತಪ್ಪಿಗೆ ನನಗೆ ತಿಳಿದಿರುವ ನಿಜವಾದ ಮದ್ದು ಇದೇ. ಈ ಪಟ್ಟಿಯನ್ನು ನೋಟ್‌ಬುಕ್ಕಿನಲ್ಲಿ ಮಕ್ಕಳೇ ತುಂಬಬೇಕೇ ಹೊರತು ಹಲಗೆಯಿಂದ ನಕಲು ಮಾಡಬಾರದು.

2, 5 ಮತ್ತು 10ರ ವಿಷಯದಲ್ಲಿ ಹತ್ತರ ಸ್ಥಾನದಿಂದ ಮೇಲೆ ಏನೂ ಉಳಿಯುವುದಿಲ್ಲ, ಹಾಗಾಗಿ ಬಿಡಿಸ್ಥಾನ ನೋಡಿದರೆ ಸಾಕು. 4ಕ್ಕೆ ಹತ್ತರಲ್ಲಿ 2 ಉಳಿದರೂ ನೂರರಿಂದ ಮೇಲೆ ಏನೂ ಉಳಿಯದು. 8ಕ್ಕೆ ಸಾವಿರದಿಂದ ಮೇಲೆ ಏನೂ ಉಳಿಯದು, ಏಕೆಂದರೆ ಸಾವಿರ ಎಂದರೆ ನೂರಿಪ್ಪತ್ತೈದು ಎಂಟುಗಳು. ಕೊನೆಯ ಮೂರು ಅಂಕಿಗಳನ್ನೇ ಏಕೆ ನೋಡುತ್ತೇವೆ ಎಂಬುದು ಇಷ್ಟರಿಂದ ಸ್ಪಷ್ಟವಾಗುತ್ತದೆ. ಸಂಖ್ಯೆ ಎಷ್ಟೇ ಉದ್ದವಿರಲಿ, ಅದರ ಎಡಭಾಗಕ್ಕೆ ಇಲ್ಲಿ ಕೆಲಸವೇ ಇಲ್ಲ ಎಂದು ಗೊತ್ತಾದ ಮೇಲೆ ಮಕ್ಕಳ ಗಾಬರಿಯೂ ತಗ್ಗುತ್ತದೆ.

11ರ ನಿಯಮಕ್ಕೆ ಹೆಚ್ಚು ಹೊತ್ತು ಕೊಡಿರಿ, ಅದು ಅಷ್ಟು ಯೋಗ್ಯವಾದ ನಿಯಮ. ಹತ್ತಕ್ಕೆ ಇನ್ನೊಂದು ಸೇರಿದ್ದರೆ 11 ಪೂರ್ತಿಯಾಗುತ್ತಿತ್ತು, ಅಂದರೆ ಇಲ್ಲಿ ಒಂದು ಕೊರತೆಯಿದೆ. ನೂರು ಎಂದರೆ 99ಕ್ಕೆ ಒಂದು ಹೆಚ್ಚು. ಸಾವಿರಕ್ಕೆ ಮತ್ತೆ ಒಂದು ಕೊರತೆ, ಏಕೆಂದರೆ 1001 ಎಂಬುದು 11ರ 91 ಪಟ್ಟು. ಹೆಚ್ಚು ಮತ್ತು ಕೊರತೆ ಹೀಗೆ ಸರದಿಯಲ್ಲಿ ಬರುವುದೇ ಅಂಕಿಗಳನ್ನು ಸರದಿಯಂತೆ ಕೂಡಿ ಕಳೆಯುವ ನಿಯಮದ ಮೂಲ. ಬಿಡಿಸ್ಥಾನದಿಂದಲೇ, ಅಂದರೆ ಬಲಗಡೆಯಿಂದಲೇ ಆರಂಭಿಸುವಂತೆ ಕಟ್ಟುನಿಟ್ಟಾಗಿ ರೂಢಿ ಮಾಡಿಸಿರಿ. ಎಡದಿಂದ ಆರಂಭಿಸಿದರೂ 'ಹೌದು' ಅಥವಾ 'ಇಲ್ಲ' ಎಂಬ ಉತ್ತರ ಸರಿಯಾಗಿಯೇ ಬರುತ್ತದೆ, ಆದರೆ ಅಂಕಿಗಳ ಎಣಿಕೆ ಸಮವಾಗಿದ್ದಾಗ ಶೇಷ ತಪ್ಪುತ್ತದೆ.

ಅಭ್ಯಾಸಕ್ಕೆ ಪಠ್ಯದ ಹೊರಗಿನ, ಮಕ್ಕಳಿಗೆ ತಮ್ಮದೆನಿಸುವ ಸಂಖ್ಯೆಗಳನ್ನು ಆರಿಸಿಕೊಳ್ಳಬಹುದು. 2011ರ ಜನಗಣತಿಯಂತೆ ಕಲಬುರಗಿ ಜಿಲ್ಲೆಯ ಜನಸಂಖ್ಯೆ 25,66,326. ಅಂಕಿಗಳ ಮೊತ್ತ 30 ಆಗುವುದರಿಂದ ಅದು 3ರಿಂದ ಭಾಗವಾಗುತ್ತದೆ, 9ರಿಂದ ಭಾಗಿಸಿದರೆ 3 ಉಳಿಯುತ್ತದೆ. ಕೂಡುವ ಶ್ರಮವನ್ನೂ ತಗ್ಗಿಸಬಹುದು: ಒಂಬತ್ತನ್ನು ಮತ್ತು ಕೂಡಿದರೆ ಒಂಬತ್ತಾಗುವ ಜೋಡಿಗಳನ್ನು ಮೊದಲೇ ಹೊಡೆದುಹಾಕಿದರೆ, ಇಲ್ಲಿ ಒಂದು 6 ಮತ್ತು 3 ಹೋಗಿ ಉಳಿದವುಗಳ ಮೊತ್ತ 21 ಆಗುತ್ತದೆ, ಶೇಷ ಮಾತ್ರ ಅದೇ 3. ಇನ್ನು 11ಕ್ಕೆ ಬಲದಿಂದ 6 − 2 + 3 − 6 + 6 − 5 + 2 ಎಂದು ಹೋದರೆ 4 ಉಳಿಯುತ್ತದೆ. ಬೀದರ್ ಜಿಲ್ಲೆಯ ಸಂಖ್ಯೆ 17,03,300. ಅದು 4ರಿಂದಲೂ 25ರಿಂದಲೂ ಭಾಗವಾಗುತ್ತದೆ, ಆದರೆ ಕೊನೆಯ ಮೂರು ಅಂಕಿಗಳಾದ 300ರಲ್ಲಿ 8ರ ಗುಂಪುಗಳು ಹೋಗಿ 4 ಉಳಿಯುತ್ತದೆ. ಯಾದಗಿರಿಯ ಸಂಖ್ಯೆಯನ್ನು ಮುಂದಿನ ಉತ್ತರಕ್ಕೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗಳು ನವೋದಯ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ. 7ರ ಭಾಜ್ಯತೆಗೆ ಶಾಲೆಯಲ್ಲಿ ಕೊನೆಯ ಅಂಕಿಯನ್ನು ದುಪ್ಪಟ್ಟು ಮಾಡಿ ಕಳೆಯಲು ಹೇಳಿದ್ದಾರೆ, ಟ್ಯೂಷನ್ನಿನಲ್ಲಿ ಮೂರು ಮೂರು ಅಂಕಿಗಳ ಗುಂಪು ಮಾಡಲು ಹೇಳಿದ್ದಾರೆ. ಎರಡನೆಯ ರೀತಿಯಲ್ಲಿ ಅವಳ ಉತ್ತರ ಎಷ್ಟೋ ಸಲ ತಪ್ಪುತ್ತದೆ. ಯಾವುದನ್ನು ಉಳಿಸಿಕೊಳ್ಳಬೇಕು? (ಗೃಹಿಣಿ, ಬೀದರ್)

ಉತ್ತರ: ಅಮ್ಮಾ, ಎರಡೂ ಸರಿಯಾದ ರೀತಿಗಳೇ, ಆದರೆ ಎರಡಕ್ಕೂ ತಕ್ಕ ಜಾಗ ಬೇರೆ. ಮಗಳ ಉತ್ತರ ಏಕೆ ತಪ್ಪುತ್ತಿದೆ ಎಂಬುದನ್ನು ನಾನು ಊಹಿಸಬಲ್ಲೆ, ಅದನ್ನು ಮುಂದೆ ಹೇಳುತ್ತೇನೆ.

ಯಾದಗಿರಿ ಜಿಲ್ಲೆಯ 2011ರ ಜನಸಂಖ್ಯೆ 11,74,271. ಶಾಲೆಯ ರೀತಿಯಂತೆ ಕೊನೆಯ 1ನ್ನು ತೆಗೆದು ಅದರ ದುಪ್ಪಟ್ಟನ್ನು ಉಳಿದ ಸಂಖ್ಯೆಯಿಂದ ಕಳೆದರೆ 117427 − 2 = 117425; ಮತ್ತೆ 11742 − 10 = 11732; ಮತ್ತೆ 1173 − 4 = 1169; ಮತ್ತೆ 116 − 18 = 98. ಇದು 7ರ ಹದಿನಾಲ್ಕು ಪಟ್ಟು, ಆದ್ದರಿಂದ ಪೂರ್ತಿ ಸಂಖ್ಯೆಯೂ 7ರಿಂದ ಭಾಗವಾಗುತ್ತದೆ. ಇದರ ಹಿಂದಿನ ಕಾರಣ ಸರಳ: ಕೊನೆಯ ಅಂಕಿಯ 21 ಪಟ್ಟನ್ನು ಸಂಖ್ಯೆಯಿಂದ ಕಳೆದರೆ ಬಿಡಿಸ್ಥಾನದಲ್ಲಿ ಸೊನ್ನೆ ಬರುತ್ತದೆ, 21 ಎಂಬುದು 7ರ ಅಪವರ್ತ್ಯ, ಅಂದರೆ 7ರ ಪೂರ್ತಿ ಮೂರು ಪಟ್ಟು ಆದ್ದರಿಂದ 7ರ ಮಟ್ಟಿಗೆ ಏನೂ ಕೆಡುವುದಿಲ್ಲ, ಕೊನೆಯ ಸೊನ್ನೆಯನ್ನು ಅಳಿಸಿದರೂ ಕೆಡುವುದಿಲ್ಲ, ಏಕೆಂದರೆ 10ಕ್ಕೂ 7ಕ್ಕೂ 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲ, ಅಂದರೆ ಎರಡನ್ನೂ ಶೇಷವಿಲ್ಲದೆ ಭಾಗಿಸುವ ಸಂಖ್ಯೆಯಿಲ್ಲ. ಆದರೆ ಈ ರೀತಿಯಲ್ಲಿ ಒಂದು ಸಲಕ್ಕೆ ಒಂದೇ ಅಂಕಿ ಕಡಿಮೆಯಾಗುತ್ತದೆ. ಒಂಬತ್ತು ಅಂಕಿಗಳ ಸಂಖ್ಯೆಗೆ ಇದನ್ನು ಮಾಡುವುದಕ್ಕಿಂತ ನೇರವಾಗಿ 7ರಿಂದ ಭಾಗಿಸುವುದೇ ಲೇಸು.

ಇನ್ನೊಂದು ಮಿತಿಯನ್ನು ಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ. ದುಪ್ಪಟ್ಟು ಮಾಡಿ ಕಳೆಯುವ ರೀತಿ ಭಾಗವಾಗುತ್ತದೆಯೇ ಎಂದಷ್ಟೇ ತಿಳಿಸುತ್ತದೆ, ಶೇಷವನ್ನು ತಿಳಿಸುವುದಿಲ್ಲ. 15ನ್ನೇ ತೆಗೆದುಕೊಳ್ಳಿ: 1 − 10 ಎಂದರೆ −9, ಅದಕ್ಕೆ 14 ಸೇರಿಸಿದರೆ 5, ಆದರೆ 15ನ್ನು 7ರಿಂದ ಭಾಗಿಸಿದರೆ ಉಳಿಯುವುದು 1. ಪರೀಕ್ಷೆಯಲ್ಲಿ 'ಶೇಷವೆಷ್ಟು' ಎಂದು ಕೇಳಿದಾಗ ಈ ದಾರಿ ಹಿಡಿದ ಮಗು ತಪ್ಪು ಆಯ್ಕೆಯನ್ನು ಗುರುತು ಮಾಡುತ್ತದೆ.

ಮೂರು ಅಂಕಿಗಳ ಗುಂಪಿನ ರೀತಿಗೆ ಆ ದೋಷವಿಲ್ಲ. ಅದು ನಿಂತಿರುವುದು 1001 ಎಂಬ ಒಂದು ಸಂಖ್ಯೆಯ ಮೇಲೆ, ಮತ್ತು 1001 ಎಂದರೆ 7 × 11 × 13. ಸಾವಿರಕ್ಕೆ 1001 ಆಗಲು ಒಂದು ಕೊರತೆ, ಹತ್ತು ಲಕ್ಷಕ್ಕೆ ಒಂದು ಹೆಚ್ಚು, ನೂರು ಕೋಟಿಗೆ ಮತ್ತೆ ಒಂದು ಕೊರತೆ. ಹಿಂದಿನ ಉತ್ತರದಲ್ಲಿ 11ಕ್ಕೆ ಒಂದೊಂದು ಅಂಕಿಗೆ ನಡೆದದ್ದೇ ಇಲ್ಲಿ ಮೂರು ಮೂರು ಅಂಕಿಗಳಿಗೆ ನಡೆಯುತ್ತದೆ. ಯಾದಗಿರಿಯ ಸಂಖ್ಯೆಯನ್ನು ಬಲದಿಂದ 271, 174, 1 ಎಂದು ಒಡೆದು 271 − 174 + 1 ಮಾಡಿದರೆ ಒಂದೇ ಹೆಜ್ಜೆಯಲ್ಲಿ 98 ಬರುತ್ತದೆ. ಅದೇ 98ರಿಂದ 11ರ ಶೇಷ 10 ಎಂದೂ, 13ರ ಶೇಷ 7 ಎಂದೂ ತಿಳಿಯುತ್ತದೆ. ಮೂರು ಭಾಜಕಗಳಿಗೆ ಒಂದೇ ಲೆಕ್ಕ ಸಾಕಾಗುವುದರಿಂದ, ಆರು ಅಂಕಿಗಳನ್ನು ಮೀರಿದ ಸಂಖ್ಯೆಗಳಿಗೆ ನಾನು ಈ ರೀತಿಯನ್ನೇ ಹೇಳುತ್ತೇನೆ.

ಈಗ ಮಗಳ ತಪ್ಪಿನ ವಿಷಯ. ನಾವು ಅಲ್ಪವಿರಾಮ ಹಾಕುವುದು ಲಕ್ಷ, ಕೋಟಿಗಳ ಕ್ರಮದಲ್ಲಿ: ಬಲಗಡೆ ಮೂರು ಅಂಕಿ, ಅಲ್ಲಿಂದ ಮುಂದೆ ಎರಡೆರಡು. ಸಂಖ್ಯೆ 11,74,271 ಎಂದು ಅಚ್ಚಾಗಿದ್ದರೆ ಮಗುವಿನ ಕಣ್ಣು ಆ ಅಲ್ಪವಿರಾಮಗಳನ್ನೇ ಗುಂಪುಗಳೆಂದು ಹಿಡಿದು 271 − 74 + 11 ಎಂದು ಲೆಕ್ಕ ಹಾಕುತ್ತದೆ. ಆಗ 208 ಬರುತ್ತದೆ, ಅದನ್ನು 7ರಿಂದ ಭಾಗಿಸಿದರೆ 5 ಉಳಿಯುತ್ತದೆ, ಭಾಗವಾಗುವ ಸಂಖ್ಯೆಯನ್ನು ಭಾಗವಾಗದು ಎಂದು ಬರೆಯುವಂತಾಗುತ್ತದೆ. ಆದ್ದರಿಂದ ಗುಂಪು ಮಾಡುವ ಮೊದಲು ಅಲ್ಪವಿರಾಮಗಳಿಲ್ಲದೆ ಸಂಖ್ಯೆಯನ್ನು ಹೊಸದಾಗಿ ಬರೆದುಕೊಂಡು, ಬಲದಿಂದ ಮೂರು ಮೂರು ಅಂಕಿಗೆ ಗೆರೆ ಎಳೆಯಲು ಅವಳಿಗೆ ಹೇಳಿರಿ. ಸಮಯ ಉಳಿಸುವ ನೆಪದಲ್ಲಿ ಈ ಹೆಜ್ಜೆಯನ್ನು ಬಿಡಬಾರದು.

ಕಳೆದಾಗ ಋಣ ಸಂಖ್ಯೆ ಬಂದರೂ ಅಂಜಬೇಕಾಗಿಲ್ಲ. ಕಲಬುರಗಿಯ 2566326ಕ್ಕೆ 326 − 566 + 2 = −238. ಭಾಗವಾಗುತ್ತದೆಯೇ ಎಂದು ತಿಳಿಯಲು 238 ಸಾಕು, ಅದು 7ರ 34 ಪಟ್ಟು. ಹಾಗಾಗಿ ಕಲಬುರಗಿಯ ಸಂಖ್ಯೆಯೂ 7ರಿಂದ ಭಾಗವಾಗುತ್ತದೆ. ಬೀದರಿನ ಸಂಖ್ಯೆಗೆ 300 − 703 + 1 = −402 ಬರುತ್ತದೆ; ಶೇಷ ಬೇಕಾದದ್ದರಿಂದ 1001 ಸೇರಿಸಿದರೆ 599, ಅದರಲ್ಲಿ 7ರ ಗುಂಪುಗಳು ಹೋಗಿ 4 ಉಳಿಯುತ್ತದೆ.

ಮಗಳಿಗೆ 1001 ಮನಸ್ಸಿನಲ್ಲಿ ನಿಲ್ಲಬೇಕೆಂದರೆ, ಇಷ್ಟವಾದ ಮೂರು ಅಂಕಿಗಳ ಸಂಖ್ಯೆಯೊಂದನ್ನು ಎರಡು ಸಲ ಒತ್ತಾಗಿ ಬರೆಯಲು ಹೇಳಿ, ಉದಾಹರಣೆಗೆ 347347. ಅದನ್ನು 7ರಿಂದ ಭಾಗಿಸಿದರೆ 49621, ಅದನ್ನು 11ರಿಂದ ಭಾಗಿಸಿದರೆ 4511, ಅದನ್ನು 13ರಿಂದ ಭಾಗಿಸಿದರೆ ಮೊದಲಿನ 347 ತಿರುಗಿ ಬರುತ್ತದೆ. ಯಾವ ಸಂಖ್ಯೆ ತೆಗೆದುಕೊಂಡರೂ ಹೀಗೆಯೇ ಆಗುತ್ತದೆ, ಮತ್ತು ಏಕೆ ಹೀಗೆ ಎಂದು ಅವಳೇ ಕೇಳುವವರೆಗೆ ಕಾರಣ ಹೇಳದಿರುವುದು ಒಳ್ಳೆಯದು.

ಪ್ರಶ್ನೆ: ಸರ್, ನಾನು ಎಂಟನೆಯ ತರಗತಿಯಲ್ಲಿ ಓದುತ್ತಿದ್ದೇನೆ. 2ರಿಂದಲೂ 3ರಿಂದಲೂ ಭಾಗವಾದರೆ 6ರಿಂದ ಭಾಗವಾಗುತ್ತದೆ ಎಂದು ಕಲಿತಿದ್ದೇವೆ. ಹಾಗಾದರೆ 2ರಿಂದಲೂ 4ರಿಂದಲೂ ಭಾಗವಾದದ್ದು 8ರಿಂದ ಏಕೆ ಭಾಗವಾಗುವುದಿಲ್ಲ? 72ಕ್ಕೆ ಯಾವ ಎರಡು ಸಂಖ್ಯೆಗಳನ್ನು ನೋಡಬೇಕು? (ವಿದ್ಯಾರ್ಥಿ, ಶಹಾಪುರ ತಾಲ್ಲೂಕು)

ಉತ್ತರ: ನೀನು ಕೇಳಿದ ಪ್ರಶ್ನೆ ತುಂಬ ಚೆನ್ನಾಗಿದೆ. 12ನ್ನು ನೋಡು. ಅದು 2ರಿಂದಲೂ 4ರಿಂದಲೂ ಭಾಗವಾಗುತ್ತದೆ, 8ರಿಂದ ಭಾಗವಾಗುವುದಿಲ್ಲ. 4ರಿಂದ ಭಾಗವಾಗುವ ಪ್ರತಿ ಸಂಖ್ಯೆಯೂ 2ರಿಂದ ತಾನಾಗಿಯೇ ಭಾಗವಾಗುತ್ತದೆಯಾದ್ದರಿಂದ, 2ರ ಪರೀಕ್ಷೆ ನಿನಗೆ ಹೊಸದಾಗಿ ಏನನ್ನೂ ತಿಳಿಸಲಿಲ್ಲ. 2 ಮತ್ತು 3ಕ್ಕೆ ಹಾಗಲ್ಲ, ಅವೆರಡಕ್ಕೂ 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲ. ಆದ್ದರಿಂದ ದೊಡ್ಡ ಭಾಜಕವನ್ನು ಒಡೆಯುವಾಗ, ಸಾಮಾನ್ಯ ಅಪವರ್ತನವಿಲ್ಲದ ಎರಡು ಭಾಗಗಳಾಗುವಂತೆ ಒಡೆಯಬೇಕು. 72ಕ್ಕೆ 8 ಮತ್ತು 9 ಸರಿಯಾದ ಜೋಡಿ. 6 ಮತ್ತು 12ನ್ನು ನೋಡಿದರೆ ಮೋಸಹೋಗುತ್ತೀಯೆ, ಏಕೆಂದರೆ 36 ಆ ಎರಡರಿಂದಲೂ ಭಾಗವಾಗುತ್ತದೆ, 72ರಿಂದ ಭಾಗವಾಗುವುದಿಲ್ಲ. ಹಾಗೆಯೇ 18ಕ್ಕೆ 2 ಮತ್ತು 9, 24ಕ್ಕೆ 3 ಮತ್ತು 8.

ಇದನ್ನು ಉಪಯೋಗಿಸಿ ಒಂದು ಲೆಕ್ಕ ಬಿಡಿಸೋಣ. ಐದು ಅಂಕಿಗಳ ಒಂದು ಸಂಖ್ಯೆಯಲ್ಲಿ ಮೊದಲನೆಯ ಅಂಕಿ 4, ಎರಡನೆಯದು ಅಳಿಸಿಹೋಗಿದೆ, ಮುಂದೆ 7 ಮತ್ತು 3, ಕೊನೆಯದೂ ಅಳಿಸಿಹೋಗಿದೆ. ಸಂಖ್ಯೆ 72ರಿಂದ ಭಾಗವಾಗುತ್ತದೆ ಎಂಬುದಷ್ಟೇ ಗೊತ್ತು. ಮೊದಲು 8ನ್ನು ಹಿಡಿ: 730ರಿಂದ 739ರೊಳಗೆ 8ರಿಂದ ಭಾಗವಾಗುವುದು 736 ಒಂದೇ, ಆದ್ದರಿಂದ ಕೊನೆಯ ಅಂಕಿ 6. ಈಗ 9ಕ್ಕೆ ಬಾ: 4, 7, 3, 6 ಕೂಡಿದರೆ 20, ಅದು 27 ಆಗಲು 7 ಬೇಕು. ಸಂಖ್ಯೆ 47736, ಅಂದರೆ 72ರ 663 ಪಟ್ಟು. 9ರಿಂದ ಆರಂಭಿಸಿದ್ದರೆ ಎರಡು ಅಂಕಿಗಳೂ ಗೊತ್ತಿಲ್ಲದೆ ಒದ್ದಾಡಬೇಕಾಗುತ್ತಿತ್ತು ಎಂಬುದನ್ನು ಗಮನಿಸು.

ಪ್ರಶ್ನೆ: 13, 17, 19, 37ರಂಥ ಸಂಖ್ಯೆಗಳಿಗೂ ನಿಯಮಗಳಿವೆಯೇ? ಅವನ್ನೆಲ್ಲ ನೆನಪಿಟ್ಟುಕೊಳ್ಳಬೇಕೇ? (ಪಿಯು ವಿದ್ಯಾರ್ಥಿ, ಭಾಲ್ಕಿ)

ಉತ್ತರ: ಇವೆ, ಆದರೆ ನೆನಪಿಟ್ಟುಕೊಳ್ಳಬೇಕಾಗಿಲ್ಲ, ಬೇಕಾದಾಗ ನೀವೇ ಕಟ್ಟಿಕೊಳ್ಳಬಹುದು. ಭಾಜಕದ ಅಪವರ್ತ್ಯಗಳಲ್ಲಿ 1ರಿಂದ ಅಥವಾ 9ರಿಂದ ಕೊನೆಗೊಳ್ಳುವ ಒಂದನ್ನು ಹುಡುಕಿರಿ. 17ಕ್ಕೆ 51 ಇದೆ, ಅದು 50ಕ್ಕೆ ಒಂದು ಹೆಚ್ಚು, ಆದ್ದರಿಂದ ಕೊನೆಯ ಅಂಕಿಯನ್ನು ತೆಗೆದು ಅದರ ಐದು ಪಟ್ಟನ್ನು ಉಳಿದ ಸಂಖ್ಯೆಯಿಂದ ಕಳೆಯಬೇಕು. 13ಕ್ಕೆ 39 ಇದೆ, ಅದು 40ಕ್ಕೆ ಒಂದು ಕಡಿಮೆ, ಆದ್ದರಿಂದ ನಾಲ್ಕು ಪಟ್ಟನ್ನು ಕೂಡಿಸಬೇಕು. 19 ತಾನೇ 20ಕ್ಕೆ ಒಂದು ಕಡಿಮೆಯಾದ್ದರಿಂದ ಎರಡು ಪಟ್ಟನ್ನು ಕೂಡಿಸಿದರಾಯಿತು: 4123ಕ್ಕೆ 412 + 6 = 418, ಮತ್ತೆ 41 + 16 = 57, ಅದು 19ರ ಮೂರು ಪಟ್ಟು. 37ಕ್ಕೆ ಇನ್ನೂ ಸುಲಭದ ದಾರಿಯಿದೆ. 999 ಎಂಬುದು 27 × 37 ಆಗಿರುವುದರಿಂದ ಬಲದಿಂದ ಮೂರು ಮೂರು ಅಂಕಿಗಳ ಗುಂಪುಗಳನ್ನು ಸುಮ್ಮನೆ ಕೂಡಿದರೆ ಸಾಕು. ಅದೇ ರೀತಿ ಎರಡೆರಡು ಅಂಕಿಗಳ ಗುಂಪುಗಳನ್ನು ಕೂಡಿದರೆ 99ರ ಪರೀಕ್ಷೆ, ಸರದಿಯಂತೆ ಕೂಡಿ ಕಳೆದರೆ 101ರ ಪರೀಕ್ಷೆ. ಈ ಗುಂಪಿನ ರೀತಿಗಳು ಶೇಷವನ್ನೂ ತಿಳಿಸುತ್ತವೆ, ಕೊನೆಯ ಅಂಕಿ ತೆಗೆಯುವ ರೀತಿಗಳು ತಿಳಿಸುವುದಿಲ್ಲ.

ಪ್ರಶ್ನೆ: ನಮ್ಮ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು, ಮಹಾವೀರಾಚಾರ್ಯರ ಹೆಸರನ್ನು ಆ ಕಾಲದೊಂದಿಗೆ ಹೇಳುತ್ತಾರೆ. ಅವರ ಗಣಿತದಿಂದ ಈ ಪಾಠಕ್ಕೆ ಏನಾದರೂ ತೆಗೆದುಕೊಳ್ಳಬಹುದೇ? (ನಿವೃತ್ತ ಮುಖ್ಯೋಪಾಧ್ಯಾಯರು, ಕಲಬುರಗಿ ಜಿಲ್ಲೆ)

ಉತ್ತರ: ಗುರುಗಳೇ, ಖಂಡಿತವಾಗಿ ತೆಗೆದುಕೊಳ್ಳಬಹುದು, ಮತ್ತು ನಮ್ಮ ಭಾಗದ ಶಾಲೆಗಳಲ್ಲಿ ಇದು ಇಷ್ಟು ಅಪರೂಪವಾಗಿರುವುದು ನನಗೆ ಬೇಸರ ತರುತ್ತದೆ. ಕ್ರಿ.ಶ. 850ರ ಸುಮಾರಿಗೆ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದ ಮಹಾವೀರಾಚಾರ್ಯರು ಅದರ ಆರಂಭದಲ್ಲಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿದ್ದಾರೆ. ಆ ಅರಸನ ರಾಜಧಾನಿ ಮಾನ್ಯಖೇಟವೇ ಕಾಗಿಣಾ ನದಿಯ ದಂಡೆಯ ಇಂದಿನ ಮಳಖೇಡ. ಆ ಗ್ರಂಥದ ಗುಣಾಕಾರದ ಭಾಗದಲ್ಲಿ, ಉತ್ತರವು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿ ಕೊರಳ ಹಾರದಂತೆ ಕಾಣುವ ಲೆಕ್ಕಗಳಿವೆ. 152207 × 73 = 11111111, 142857143 × 7 = 1000000001, 27994681 × 441 = 12345654321 ಎಂಬವು ಅವುಗಳಲ್ಲಿ ಕೆಲವು. ಇವನ್ನು ಕೊಟ್ಟಿರುವುದು ಗುಣಾಕಾರದ ಅಭ್ಯಾಸಕ್ಕಾಗಿ, ಆದರೆ ನಮ್ಮ ಪಾಠಕ್ಕೆ ಇವು ಹೇಳಿ ಮಾಡಿಸಿದಂತಿವೆ.

ಉತ್ತರವನ್ನು ಮಾತ್ರ ಹಲಗೆಯ ಮೇಲೆ ಬರೆದು, ಅದು ಯಾವ ಯಾವ ಸಂಖ್ಯೆಗಳಿಂದ ಭಾಗವಾಗುತ್ತದೆ ಎಂದು ಹುಡುಕಲು ಮಕ್ಕಳಿಗೆ ಹೇಳಬಹುದು. 1000000001ನ್ನು ಬಲದಿಂದ ಮೂರು ಮೂರು ಅಂಕಿಗೆ ಒಡೆದರೆ 1, 0, 0, 1 ಎಂಬ ನಾಲ್ಕು ಗುಂಪುಗಳಾಗುತ್ತವೆ, ಸರದಿಯಂತೆ ಕೂಡಿ ಕಳೆದರೆ ಸೊನ್ನೆ. ಅಂದರೆ ಅದು ಆಚಾರ್ಯರು ತೋರಿಸಿದ 7ರಿಂದಷ್ಟೇ ಅಲ್ಲದೆ 11ರಿಂದಲೂ 13ರಿಂದಲೂ ಭಾಗವಾಗುತ್ತದೆ. 12345654321ಕ್ಕೆ 321 − 654 + 345 − 12 ಮಾಡಿದರೂ ಸೊನ್ನೆಯೇ ಬರುತ್ತದೆ, ಅಂಕಿಗಳ ಮೊತ್ತ 36 ಆದ್ದರಿಂದ 9ರಿಂದಲೂ ಭಾಗವಾಗುತ್ತದೆ; ಅದು 111111ರ ವರ್ಗ ಎಂದು ಮೇಲ್ತರಗತಿಯ ಮಕ್ಕಳು ಕಂಡುಕೊಳ್ಳಬಹುದು. 11111111ರ ಗುಟ್ಟು ಇನ್ನೂ ಸೊಗಸಾಗಿದೆ. ಅದು 1111 × 10001, ಮತ್ತು 10001 ಎಂದರೆ 73 × 137. ನಾಲ್ಕು ನಾಲ್ಕು ಅಂಕಿಗಳ ಗುಂಪು ಮಾಡಿ ಸರದಿಯಂತೆ ಕೂಡಿ ಕಳೆದರೆ 73ರ ಪರೀಕ್ಷೆ ಸಿಗುತ್ತದೆ ಎಂಬುದು ಇದರಿಂದ ತಾನಾಗಿಯೇ ಹೊರಬೀಳುತ್ತದೆ.

ಪ್ರಶ್ನೆ: ಕಲಬುರಗಿಯ ಗಂಜಿನಲ್ಲಿ (ಸಗಟು ಮಾರುಕಟ್ಟೆಯಲ್ಲಿ) ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಮೊಬೈಲಿನಲ್ಲಿಯೇ ಭಾಗಾಕಾರ ಆಗುವಾಗ ನನ್ನ ಮಗ ಈ ನಿಯಮಗಳನ್ನು ಕಲಿತು ಮಾಡುವುದೇನು ಎಂದು ಕೇಳುತ್ತಾನೆ. ಏನು ಹೇಳಲಿ? (ಓದುಗರು, ಕಲಬುರಗಿ)

ಉತ್ತರ: ನಿಮ್ಮ ಕೆಲಸವನ್ನೇ ಅವನಿಗೆ ತೋರಿಸಿರಿ. ಯಂತ್ರವು ತನಗೆ ಕೊಟ್ಟ ಸಂಖ್ಯೆಯನ್ನು ಸರಿಯಾಗಿ ಗುಣಿಸುತ್ತದೆ, ಆದರೆ ಉತ್ತರವನ್ನು ಕಾಗದಕ್ಕೆ ಇಳಿಸುವಾಗ ಕೈ ತಪ್ಪಿದರೆ ಅದಕ್ಕೆ ಗೊತ್ತಾಗದು. ಶೇಷಗಳಿಂದ ಅದನ್ನು ಹಿಡಿಯಬಹುದು. 275 ಚದರ ಅಡಿ ಶಹಾಬಾದ್ ಪರಸಿಗೆ (ನೆಲಕ್ಕೆ ಹಾಸುವ ಕಲ್ಲಿಗೆ) ಚದರ ಅಡಿಗೆ 48 ರೂಪಾಯಿಯಂತೆ 13,200 ರೂಪಾಯಿ ಆಗುತ್ತದೆ ಎಂದಿಟ್ಟುಕೊಳ್ಳಿ. 9ಕ್ಕೆ 275ರ ಶೇಷ 5, 48ರ ಶೇಷ 3, ಇವುಗಳ ಗುಣಲಬ್ಧ 15ರ ಶೇಷ 6. 13200ರ ಅಂಕಿಗಳ ಮೊತ್ತವೂ 6. ಒಂದು ಅಂಕಿ ತಪ್ಪಿ 13,300 ಎಂದು ಬರೆದಿದ್ದರೆ ಮೊತ್ತ 7 ಆಗಿ ತಪ್ಪು ಕೂಡಲೇ ಕಾಣುತ್ತಿತ್ತು.

ಆದರೆ ಅಕ್ಕಪಕ್ಕದ ಅಂಕಿಗಳು ಸ್ಥಾನ ಬದಲಿಸಿ 13,020 ಎಂದಾಗಿದ್ದರೆ 9ರ ಪರೀಕ್ಷೆ ಅದನ್ನು ಹಿಡಿಯಲಾರದು, ಕೂಡುವಾಗ ಅಂಕಿಗಳ ಕ್ರಮಕ್ಕೆ ಬೆಲೆಯಿಲ್ಲವಲ್ಲ. ಅಲ್ಲಿ 11 ನೆರವಿಗೆ ಬರುತ್ತದೆ. 275 ಎಂಬುದು 11ರಿಂದ ಭಾಗವಾಗುವುದರಿಂದ ಗುಣಲಬ್ಧವೂ ಭಾಗವಾಗಲೇಬೇಕು. 13200ಕ್ಕೆ 0 − 0 + 2 − 3 + 1 ಸೊನ್ನೆಯಾಗುತ್ತದೆ, 13020ಕ್ಕೆ 0 − 2 + 0 − 3 + 1 ಎಂದರೆ −4 ಬಂದು ತಪ್ಪು ಬಯಲಾಗುತ್ತದೆ.

ಅಂಗಡಿಯ ಸಾಮಾನಿನ ಮೇಲಿರುವ ಬಾರ್‌ಕೋಡಿನ ಹದಿಮೂರು ಅಂಕಿಗಳಲ್ಲಿ ಕೊನೆಯದನ್ನು ಇಟ್ಟಿರುವುದೂ ಇಂಥ ತಪ್ಪುಗಳನ್ನು ಹಿಡಿಯುವುದಕ್ಕಾಗಿಯೇ. ಎಡದಿಂದ ಒಂದನೆಯ, ಮೂರನೆಯ, ಐದನೆಯ ಮೊದಲಾದ ಅಂಕಿಗಳನ್ನು ಹಾಗೆಯೇ, ಎರಡನೆಯ, ನಾಲ್ಕನೆಯ ಮೊದಲಾದವನ್ನು ಮೂರು ಪಟ್ಟು ಮಾಡಿ ಎಲ್ಲವನ್ನೂ ಕೂಡಿದರೆ ಮೊತ್ತ 10ರಿಂದ ಭಾಗವಾಗಬೇಕು. 890ರಿಂದ ಆರಂಭವಾಗುವ ಸಂಖ್ಯೆ ಇರುವ ಸಾಬೂನು ಅಥವಾ ಬಿಸ್ಕತ್ತಿನ ಪೊಟ್ಟಣವನ್ನು ಮಗನ ಕೈಗೆ ಕೊಟ್ಟು ಪರೀಕ್ಷಿಸಲು ಹೇಳಿದರೆ, ಮೊಬೈಲ್ ಆ ಕೋಡನ್ನು ಓದುವಾಗಲೂ ಒಳಗೆ ಭಾಜ್ಯತೆಯ ಲೆಕ್ಕವೇ ನಡೆಯುತ್ತದೆ ಎಂದು ಅವನಿಗೆ ತಿಳಿಯುತ್ತದೆ.

ನೀವು ಲೆಕ್ಕ ಬರೆಯುವವರಾದ್ದರಿಂದ ಇನ್ನೊಂದು ವಿಷಯವನ್ನೂ ಹೇಳಬೇಕು. 9 ಮತ್ತು 11 ಎರಡೂ ಸೇರಿ ತಪ್ಪಿಸಿಕೊಳ್ಳಲು ಬಿಡುವ ಒಂದು ಬಗೆಯ ತಪ್ಪಿದೆ: ನಡುವೆ ಒಂದು ಅಂಕಿ ಬಿಟ್ಟು ಆಚೀಚೆಯ ಅಂಕಿಗಳು ಅದಲುಬದಲಾದಾಗ ವ್ಯತ್ಯಾಸ 99ರ ಅಪವರ್ತ್ಯವಾಗಿರುತ್ತದೆ. 13,200 ಹೋಗಿ 23,100 ಆದರೆ ವ್ಯತ್ಯಾಸ 9,900, ಎರಡು ಪರೀಕ್ಷೆಗಳೂ ಅದನ್ನು ಸರಿಯೆಂದೇ ಹೇಳುತ್ತವೆ. ಮೊತ್ತ ದೊಡ್ಡದಿದ್ದು ಸಂಶಯ ಬಂದಾಗ 7ನ್ನೂ ನೋಡಿರಿ. 275ರ ಶೇಷ 2, 48ರ ಶೇಷ 6, ಗುಣಲಬ್ಧ 12ರ ಶೇಷ 5. 13200ನ್ನು ಮೂರು ಅಂಕಿಗಳ ಗುಂಪಾಗಿ ಒಡೆದರೆ 200 − 13 = 187, ಶೇಷ 5, ಸರಿಹೊಂದುತ್ತದೆ. 23100ಕ್ಕೆ 100 − 23 = 77, ಶೇಷ ಸೊನ್ನೆ, ತಪ್ಪು ಸಿಕ್ಕಿತು. ದಿನನಿತ್ಯದ ಪಟ್ಟಿಗಳಿಗೆ 9 ಮತ್ತು 11 ಸಾಕು. ವರ್ಷದ ಕೊನೆಯ ಮೊತ್ತಗಳಿಗೆ ಈ ಮೂರನೆಯ ಪರೀಕ್ಷೆಯನ್ನೂ ಮಾಡಿಕೊಳ್ಳುವುದು ಒಳ್ಳೆಯದು.